ಸರ್ವ್‌ಲೆಟ್ ಮಾಡ್ಯೂಲಿನ ಚರಿತ್ರೆ ಮತ್ತು ಬೀದರ ಸೀಮೆಯ ಹೆಸರುಗಳು

ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳ ಊರುಗಳ ಹೆಸರುಗಳೂ ರೈತರ ಹೆಸರುಗಳೂ ಸರಕಾರಿ ದಫ್ತರುಗಳಲ್ಲಿ ಹಲವು ಬಾರಿ ಪ್ರತಿಯಾಗಿವೆ. ನಿಜಾಮರ ಆಳ್ವಿಕೆಯಲ್ಲಿ ಮೊದಲು ಪಾರಸಿಯೂ, 19ನೆಯ ಶತಮಾನದ ಕೊನೆಯ ಭಾಗದಿಂದ ಉರ್ದುವೂ ಆಡಳಿತ ಭಾಷೆಯಾಗಿದ್ದವು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋಗಿ, ಮೇಲೆ ಹೇಳಿದ ಮೂರೂ ಮೈಸೂರು ರಾಜ್ಯಕ್ಕೆ ಬಂದುವು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಪಹಣಿಯು ಗಣಕಯಂತ್ರವನ್ನು ಸೇರಿತು. ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗಲೆಲ್ಲ ಹೆಸರು ಉಳಿಯಿತೇ, ಕೆಟ್ಟಿತೇ ಎಂಬ ಪ್ರಶ್ನೆ ಏಳುತ್ತದೆ. ಪಹಣಿಯ ಹೆಸರು ಕೆಟ್ಟರೆ ಸಾಲವೂ ವಾರಸಾ ಹಕ್ಕೂ ತಡೆಯುತ್ತವೆ. ಅಂತಹ ದಾಟುವಿಕೆಗಳಲ್ಲಿ ಇತ್ತೀಚಿನದೊಂದನ್ನು, ಎಂದರೆ ಲಿನಕ್ಸ್ ವೆಬ್ ಸರ್ವರಿಗೆ ಜಾವಾ ಸರ್ವ್‌ಲೆಟ್ ಮಾಡ್ಯೂಲನ್ನು ಜೋಡಿಸುವ ಕ್ರಮದ ಚರಿತ್ರೆಯನ್ನು, ಇಲ್ಲಿ ವಿವೇಚಿಸಲಾಗಿದೆ. ‘ಭೂಮಿ’ಯ ಒಳರಚನೆ ಈ ಲೇಖನದ ವಿಷಯವಲ್ಲ.

1993ರಲ್ಲಿ ಬಳಕೆಗೆ ಬಂದ ಸಿಜಿಐ ಪದ್ಧತಿಯಲ್ಲಿ ಪ್ರತಿಯೊಂದು ಕೋರಿಕೆಗೂ ಒಂದು ಹೊಸ ಪ್ರಕ್ರಿಯೆಯನ್ನು ಹುಟ್ಟಿಸಬೇಕಾಗಿತ್ತು. 1995ರಲ್ಲಿ ಅಪಾಚೆ ಸರ್ವರೂ ಜಾವಾ ಭಾಷೆಯೂ ಪ್ರಕಟವಾದುವು. 1997ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಸರ್ವ್‌ಲೆಟ್ಟನ್ನು ಹೊರತಂದಿತು. ಇದು ಒಮ್ಮೆ ಸ್ಮೃತಿಗೆ ಬಂದರೆ ಅಲ್ಲಿಯೇ ನೆಲಸಿ ಅನೇಕ ಕೋರಿಕೆಗಳಿಗೆ ಉತ್ತರ ಕೊಡುತ್ತದೆ. ಆದರೆ ಅಪಾಚೆಯು ಹಲವು ಪ್ರಕ್ರಿಯೆಗಳಾಗಿ ನಡೆಯುವ ಸರ್ವರ್. ಅವುಗಳಲ್ಲಿ ಒಂದೊಂದರೊಳಗೂ ಜಾವಾ ಯಂತ್ರವನ್ನಿರಿಸುವುದು ದುರ್ಭರ. ಆದುದರಿಂದ ಜಾವಾವನ್ನು ಪ್ರತ್ಯೇಕವಾಗಿ ನಡೆಸಿ, ಅಪಾಚೆಯಲ್ಲಿ ಒಂದು ಸಣ್ಣ ಮಾಡ್ಯೂಲನ್ನು ದೂತನಂತೆ ನಿಲ್ಲಿಸುವ ಉಪಾಯ ಹುಟ್ಟಿತು. ಅಪಾಚೆ ಜೆಸರ್ವ್ ಇದರ ಪ್ರಾಚೀನ ರೂಪ. 1999ರಲ್ಲಿ ಟಾಮ್‌ಕ್ಯಾಟ್ ಬಂದ ಮೇಲೆ ‘ಮಾಡ್ ಜೆಕೆ’ ಎಂಬ ಮಾಡ್ಯೂಲು ಪ್ರಚಾರಕ್ಕೆ ಬಂದಿತು. ಇವೆರಡರ ನಡುವಣ ಸಂಭಾಷಣೆಯ ನಿಯಮಕ್ಕೆ ಎಜೆಪಿ ಎಂದು ಹೆಸರು.

ಹೊರಬಾಗಿಲ ಭಾಷೆ ಒಂದು, ಒಳಗಿನ ಭಾಷೆ ಇನ್ನೊಂದು ಎಂಬ ವ್ಯವಸ್ಥೆ ಈ ಸೀಮೆಗೆ ಹೊಸದಲ್ಲ. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನಿಟ್ಟು ಒಳಗೆ ಕನ್ನಡ ಪಾಠ ನಡೆಯಿಸಿದರೆಂಬುದು ಪ್ರಸಿದ್ಧವಾಗಿದೆ. ಅಲ್ಲಿ ಒಳಗಿನವರು ಎರಡನ್ನೂ ಬಲ್ಲವರಾಗಿದ್ದರು. ನಮ್ಮ ಮಾಡ್ಯೂಲಾದರೋ ಯಾವ ಭಾಷೆಯನ್ನೂ ಅರಿಯದು. ಬಂದ ಬೈಟುಗಳನ್ನು ಹಾಗೆಯೇ ದಾಟಿಸುತ್ತದೆ.

ಇದನ್ನು ಸ್ಥಾಪಿಸುವ ಕ್ರಮ ಸಂಕ್ಷೇಪವಾಗಿ ಹೀಗಿದೆ. ಮೊದಲು ಜಾವಾ ಮತ್ತು ಟಾಮ್‌ಕ್ಯಾಟುಗಳನ್ನು ಲಿನಕ್ಸಿನಲ್ಲಿ ನೆಲೆಗೊಳಿಸಬೇಕು. ಅನಂತರ ಅಪಾಚೆಯ ಆವೃತ್ತಿಗೆ ಹೊಂದುವಂತೆ ಮಾಡ್ಯೂಲನ್ನು ಕಂಪೈಲ್ ಮಾಡಿ, ‘ಲೋಡ್‌ಮಾಡ್ಯೂಲ್’ ಎಂಬ ಸಾಲಿನಿಂದ ಅದನ್ನು ಅಪಾಚೆಗೆ ಪರಿಚಯಿಸಬೇಕು. ಟಾಮ್‌ಕ್ಯಾಟ್ ಯಾವ ಯಂತ್ರದಲ್ಲಿ, ಯಾವ ಪೋರ್ಟಿನಲ್ಲಿ (ವಾಡಿಕೆಯಂತೆ 8009) ಕೇಳುತ್ತಿದೆಯೆಂಬುದನ್ನು ಬೇರೊಂದು ಕಡತದಲ್ಲಿ ಬರೆಯಬೇಕು. ಯಾವ ವಿಳಾಸಗಳು ಒಳಗೆ ಹೋಗತಕ್ಕವೆಂಬುದನ್ನು ‘ಜೆಕೆಮೌಂಟ್’ ಸಾಲುಗಳಲ್ಲಿ ಸೂಚಿಸಿ, ಅಪಾಚೆಯನ್ನು ಪುನಃ ಆರಂಭಿಸಬೇಕು. ಇಷ್ಟಾದರೆ ಸರ್ವರ್ ನಡೆಯುವುದು ನಿಜ; ಕನ್ನಡ ನಡೆಯುವುದೆಂಬ ಭರವಸೆಯಿಲ್ಲ.

ಇದಕ್ಕೆ ಕಾರಣವನ್ನು ಒಂದು ಹೆಸರಿನಿಂದಲೇ ತಿಳಿಯಬಹುದು. ‘ಔರಾದ’ ಎಂಬುದರಲ್ಲಿ ಯೂನಿಕೋಡಿನ ನಾಲ್ಕು ಸಂಕೇತಗಳಿವೆ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ ಮೂರರಂತೆ ಅವು 12 ಬೈಟುಗಳಾಗುತ್ತವೆ. ‘ಭಾಲ್ಕಿ’ಯಲ್ಲಿ ಆರು ಸಂಕೇತಗಳು, 18 ಬೈಟುಗಳು. ಸರ್ವ್‌ಲೆಟ್ಟಿನ ಮೂಲನಿಯಮವಾದರೋ, ಬೇರೆ ಸೂಚನೆಯಿಲ್ಲದಿದ್ದರೆ, ಬಂದುದನ್ನು ಪಶ್ಚಿಮ ಯೂರೋಪಿನ ಐಎಸ್‌ಒ 8859-1 ಪದ್ಧತಿಯಂತೆ ಒಂದು ಬೈಟಿಗೆ ಒಂದು ಅಕ್ಷರವೆಂದು ಓದುವುದು. ಆಗ ‘ಔರಾದ’ವು 12 ಅನ್ಯಚಿಹ್ನೆಗಳಾಗಿ ಒಡೆಯುತ್ತದೆ. ಕನ್ನಡದ ಪ್ರತಿಯೊಂದು ಸಂಕೇತದ ಮೊದಲ ಬೈಟು 224 ಆಗಿರುವುದರಿಂದ ಒಂದೇ ರೋಮನ್ ಅಕ್ಷರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಾಗೆಯೇ ದತ್ತಸಂಚಯದಲ್ಲಿ ಬರೆದಿಟ್ಟರೆ ತಪ್ಪೇ ದಾಖಲೆಯಾಗುತ್ತದೆ.

ಕನ್ನಡಕ್ಕೆ 1991ರಲ್ಲಿಯೇ ಯೂನಿಕೋಡಿನಲ್ಲಿ ಸ್ಥಾನ ದೊರೆತಿತ್ತು. 2001ರ ಸರ್ವ್‌ಲೆಟ್ 2.3 ಆವೃತ್ತಿಯಲ್ಲಿ ಅಕ್ಷರಪದ್ಧತಿಯನ್ನು ಘೋಷಿಸುವ ಸೌಕರ್ಯ ಬಂದಿತು. ಆದರೆ ಕೋರಿಕೆಯ ಅಂಶಗಳನ್ನು ಓದುವುದಕ್ಕೆ ಮೊದಲೇ ಘೋಷಿಸದಿದ್ದರೆ ಅದು ನಿಷ್ಫಲ. ವಿಳಾಸದೊಳಗಿನ ಅಕ್ಷರಗಳಿಗೆ ಯುಟಿಎಫ್-8 ತಾನಾಗಿ ಅನ್ವಯಿಸತೊಡಗಿದುದು 2014ರ ಟಾಮ್‌ಕ್ಯಾಟ್ 8ರಿಂದ. ಲಿಪಿಗೆ ಸ್ಥಾನ ಸಿಕ್ಕಿದುದಕ್ಕೂ ಬಾಗಿಲು ತಾನಾಗಿ ತೆರೆದುದಕ್ಕೂ ನಡುವೆ 23 ವರ್ಷಗಳು ಸಂದುವು. 2020ರಲ್ಲಿ ‘ಘೋಸ್ಟ್‌ಕ್ಯಾಟ್’ ಎಂಬ ಭದ್ರತಾದೋಷ ಬಯಲಾದ ಮೇಲೆ ಟಾಮ್‌ಕ್ಯಾಟಿನಲ್ಲಿ ಎಜೆಪಿಯ ಬಾಗಿಲೇ ಮೊದಲಿನಿಂದ ಮುಚ್ಚಿರುವಂತಾಯಿತು; ಬೇಕಾದವರು ತೆರೆದುಕೊಳ್ಳಬೇಕು.

ಇದರಿಂದ ತಿಳಿಯುವುದೇನೆಂದರೆ, ಕಳುಹಿಸಿದವನೂ ಒಯ್ದವನೂ ನಿರ್ದೋಷಿಗಳಾಗಿದ್ದರೂ ಒಪ್ಪಂದವಿಲ್ಲದ ಸಂಧಿಯಲ್ಲಿ ಹೆಸರು ಕೆಡಬಹುದು. ಪಾರಸಿಯಿಂದ ಉರ್ದುವಿಗೆ, ಉರ್ದುವಿನಿಂದ ಕನ್ನಡಕ್ಕೆ ದಾಟಿದ ದಫ್ತರುಗಳನ್ನು ಓದುವ ವಿದ್ಯಾರ್ಥಿಗೆ ಈ ಮಾತು ಎಷ್ಟು ಸಲ್ಲುತ್ತದೆಯೋ, ಸರ್ವರನ್ನು ಸ್ಥಾಪಿಸುವವನಿಗೂ ಅಷ್ಟೇ ಸಲ್ಲುತ್ತದೆ. ಸ್ಥಾಪನೆ ಮುಗಿಯಿತೆನ್ನುವ ಮೊದಲು ‘ಔರಾದ’ ಎಂದು ಬರೆದು ಕಳುಹಿಸಿ, ಅದು ಔರಾದವಾಗಿಯೇ ಮರಳಿತೇ ಎಂದು ನೋಡತಕ್ಕದ್ದು.