ಶೇಲ್ ತೈಲ ಯೋಜನೆಗಳು: ನಿರ್ವಹಣೆಯ ಇತಿಹಾಸ

ಶೇಲ್ ಎಂಬ ಪದರಗಲ್ಲಿನಿಂದ ತೈಲ ಪಡೆಯಲು ಎರಡು ದಾರಿಗಳಿವೆ. ಇನ್ನೂ ತೈಲವಾಗಿ ಮಾಗದ ಕೆರೋಜನ್ ತುಂಬಿದ ಕಲ್ಲನ್ನು ಅಗೆದು, ಕುಲುಮೆಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆ ಇಳಿಸುವುದು ಒಂದು. ಕಲ್ಲಿನ ಸಂದುಗಳಲ್ಲಿ ಸಿಕ್ಕಿಕೊಂಡ ತೈಲವನ್ನು, ನೀರು ಮತ್ತು ಮರಳನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಕಲ್ಲು ಬಿರಿಸಿ ಹೊರತರುವುದು ಇನ್ನೊಂದು. ಮೊದಲನೆಯದಕ್ಕೆ ಗಣಿ ಮತ್ತು ಕಾರ್ಖಾನೆ ಬೇಕು, ಎರಡನೆಯದಕ್ಕೆ ಸಾವಿರಾರು ಬಾವಿಗಳು.

ಕುಲುಮೆಯ ದಾರಿ ಹಳೆಯದು. ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಯಂಗ್ 1850ರಲ್ಲಿ ಕಲ್ಲಿದ್ದಲಿನಿಂದ ಪ್ಯಾರಾಫಿನ್ ಎಣ್ಣೆ ಇಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದರ ಬೆನ್ನಿಗೆ ಬೆಳೆದ ಅಲ್ಲಿನ ಶೇಲ್ ಉದ್ಯಮ 1962ರವರೆಗೂ ಉಸಿರಾಡಿತು.

1970ರ ದಶಕದ ತೈಲ ಬಿಕ್ಕಟ್ಟು ಅಮೆರಿಕದ ಕಣ್ಣನ್ನು ಕೊಲೊರಾಡೊದ ಬೆಟ್ಟಗಳತ್ತ ತಿರುಗಿಸಿತು. ಪ್ಯಾರಾಶೂಟ್ ಕ್ರೀಕ್ ಬಳಿಯ ಕಾಲೊನಿ ಯೋಜನೆಯಲ್ಲಿ 1980ರಲ್ಲಿ ಎಕ್ಸಾನ್ ಶೇ. 60 ಪಾಲು ಕೊಂಡಿತು. ಉಳಿದದ್ದು ಟಾಸ್ಕೊ ಕಂಪನಿಯದು. ಕಾರ್ಮಿಕರಿಗೆಂದು ಬ್ಯಾಟಲ್‌ಮೆಂಟ್ ಮೆಸಾ ಎಂಬ ಊರೇ ಎದ್ದಿತು. ಆದರೆ ಕಾರ್ಖಾನೆ ಪೂರ್ತಿಯಾಗುವ ಮೊದಲೇ ಖರ್ಚಿನ ಅಂದಾಜು 500 ಕೋಟಿ ಡಾಲರ್ ದಾಟಿತು, ತೈಲದ ಬೆಲೆ ಇಳಿಯತೊಡಗಿತು. 1982ರ ಮೇ 2ರ ಭಾನುವಾರ ಎಕ್ಸಾನ್ ಕೆಲಸ ನಿಲ್ಲಿಸಿತು. 2,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಆ ದಿನಕ್ಕೆ 'ಕಪ್ಪು ಭಾನುವಾರ' ಎಂಬ ಹೆಸರೇ ಉಳಿಯಿತು. ಬ್ಯಾಟಲ್‌ಮೆಂಟ್ ಮೆಸಾ ಮುಂದೆ ನಿವೃತ್ತರ ಊರಾಯಿತು. ಪಕ್ಕದ ಯೂನೊಕಾಲ್ ಕಂಪನಿಯ ಶೇಲ್ ಘಟಕ ಹಾಗೂ ಹೀಗೂ 1991ರವರೆಗೆ ನಡೆಯಿತು.

ಎರಡನೆಯ ದಾರಿಯಲ್ಲಿ ಇಡೀ ಬಂಡವಾಳವನ್ನು ಒಂದೇ ಕಡೆ ಹೂಡಬೇಕಿಲ್ಲ, ಬಾವಿಯಿಂದ ಬಾವಿಗೆ ಲೆಕ್ಕ ಹಾಕಬಹುದು. ಟೆಕ್ಸಾಸ್‌ನ ಬಾರ್ನೆಟ್ ಶೇಲ್ ಅನಿಲದಲ್ಲಿ ಜಾರ್ಜ್ ಮಿಚೆಲ್ ಕಂಪನಿ ಪಳಗಿಸಿದ ಬಿರಿಸುವ ವಿದ್ಯೆ ಅಡ್ಡ ಕೊರೆತದ ಜೊತೆ ಸೇರಿ ನಾರ್ತ್ ಡಕೋಟದ ಬಾಕನ್ ಪದರಕ್ಕೆ ಬಂತು. 2006ರಲ್ಲಿ ದಿನಕ್ಕೆ ಸುಮಾರು 1.1 ಲಕ್ಷ ಬ್ಯಾರೆಲ್ ಇದ್ದ ಆ ರಾಜ್ಯದ ಉತ್ಪಾದನೆ 2014ರಲ್ಲಿ 10 ಲಕ್ಷ ದಾಟಿತು.

ಆದರೆ ಇಲ್ಲಿನ ಬಾವಿ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಹೆಚ್ಚು ಸೊರಗುತ್ತದೆ; ಹೊಸದನ್ನು ಕೊರೆಯುತ್ತಲೇ ಇರಬೇಕು. ಹಾಗಾಗಿ ನಿರ್ವಹಣೆಯೆಂದರೆ ಸಾಗಣೆಯ ಲೆಕ್ಕಾಚಾರವಾಯಿತು. ನೀರು, ಮರಳು ಹೊತ್ತ ಟ್ರಕ್‌ಗಳು ಹಳ್ಳಿ ರಸ್ತೆಗಳನ್ನು ಅರೆದವು. ಅಲ್ಲಿನ ಪಟ್ಟಣ ವಿಲಿಸ್ಟನ್‌ನಲ್ಲಿ ಬಾಡಿಗೆ ಗಗನಕ್ಕೇರಿ, ಕಾರ್ಮಿಕರು ಸಾಲು ಶೆಡ್‌ಗಳಲ್ಲಿ ಮಲಗಿದರು. ಕೊಳವೆ ಇಲ್ಲದೆ ಒಂದು ಹಂತದಲ್ಲಿ ಅನಿಲದ ಸುಮಾರು ಮೂರನೇ ಒಂದು ಭಾಗವನ್ನು ಸುಮ್ಮನೆ ಉರಿಸಿಬಿಡುತ್ತಿದ್ದರು. 2014ರಲ್ಲಿ ರಾಜ್ಯ ಅದಕ್ಕೆ ಮಿತಿ ಹಾಕಿತು. ಬಾಕನ್ ತೈಲ ಹೊತ್ತ ರೈಲು 2013ರ ಜುಲೈ 6ರಂದು ಕೆನಡಾದ ಲಾಕ್-ಮೆಗಾಂಟಿಕ್‌ನಲ್ಲಿ ಹಳಿ ತಪ್ಪಿ ಹೊತ್ತಿ, 47 ಜನ ಸತ್ತರು. ಸ್ಟ್ಯಾಂಡಿಂಗ್ ರಾಕ್ ಬುಡಕಟ್ಟಿನ ದೊಡ್ಡ ಪ್ರತಿಭಟನೆಯ ನಡುವೆಯೂ ಬಾಕನ್ ತೈಲ ಸಾಗಿಸುವ ಡಕೋಟ ಆಕ್ಸೆಸ್ ಕೊಳವೆಮಾರ್ಗ 2017ರಲ್ಲಿ ತೆರೆಯಿತು.

2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ ಬೆಲೆ ಶೂನ್ಯಕ್ಕಿಂತ ಕೆಳಗಿಳಿಯಿತು. ಬಾಕನ್‌ನ ದೊಡ್ಡ ಉತ್ಪಾದಕರಲ್ಲೊಂದಾದ ವೈಟಿಂಗ್ ಪೆಟ್ರೋಲಿಯಂ ಆ ತಿಂಗಳ ಆರಂಭದಲ್ಲೇ ದಿವಾಳಿ ಅರ್ಜಿ ಹಾಕಿತ್ತು. ಕಂಪನಿಗಳು ಸಾಲುಸಾಲಾಗಿ ಬಾವಿಗಳ ವಾಲ್ವ್ ಮುಚ್ಚಿದವು. ಮೇ ತಿಂಗಳಲ್ಲಿ ರಾಜ್ಯದ ಉತ್ಪಾದನೆ ದಿನಕ್ಕೆ 9 ಲಕ್ಷ ಬ್ಯಾರೆಲ್‌ಗಿಂತ ಕೆಳಗಿಳಿಯಿತು. ಬೆಲೆ ಚೇತರಿಸಿದಂತೆ ಅವೇ ವಾಲ್ವ್‌ಗಳು ತಿರುಗಿ ತೆರೆದವು. ಆ ವರ್ಷದ ಶರತ್ಕಾಲದ ಹೊತ್ತಿಗೆ ಹರಿವು ಮತ್ತೆ 12 ಲಕ್ಷದ ಆಸುಪಾಸಿಗೆ ಬಂದಿತ್ತು.