ಕಡಲಲ್ಲೂ ತುಂಡು ನಾಟಿ

ರಂಜಾನ್ ಹತ್ತಿರ ಬಂದರೆ ಬೀದರಿನ ಕಿರಾಣಿ ಅಂಗಡಿಗಳಲ್ಲಿ ಚೈನಾ ಗ್ರಾಸ್ ಪೊಟ್ಟಣಗಳಿಗೆ ಗಿರಾಕಿ ಹೆಚ್ಚು. ಹುಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಅದು ಕೆಂಪು ಕಡಲಕಳೆಯಿಂದ ತೆಗೆದ ಅಂಟು. ಔರಾದ್ ಕಡೆಯ ಸೋಯಾ, ತೊಗರಿಗೆ ಸಿಂಪಡಿಸಲು ಸಿಗುವ ಇಫ್ಕೊದ ‘ಸಾಗರಿಕಾ’ದಲ್ಲೂ ಕೆಂಪು ಮತ್ತು ಕಂದು ಕಡಲಕಳೆಯ ರಸವಿದೆ. ಕಡಲನ್ನೇ ಕಾಣದ ಊರುಗಳಿಗೆ ಈ ಬೆಳೆ ಬಂದು ಮುಟ್ಟಿದೆ.

ಅದನ್ನು ಬೆಳೆಯುವ ರೀತಿಯನ್ನು ಭಾಲ್ಕಿಯ ಕಬ್ಬು ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಮೂರು ಕಣ್ಣಿನ ತುಂಡು ಊರಿದ ಹಾಗೆಯೇ ಇಲ್ಲಿಯೂ ಗಿಡದ ತುಂಡೇ ಬೀಜ. ಎಲ್ಲ ಕೆಂಪು ಕಳೆಗಳೂ ಇಷ್ಟು ಸಲೀಸಲ್ಲ. ಜಪಾನಿನ ನೋರಿಯ ಒಂದು ಅವಸ್ಥೆ ಚಿಪ್ಪಿನೊಳಗೆ ಕಳೆಯುತ್ತದೆಂದು 1949ರಲ್ಲಿ ಕ್ಯಾಥ್ಲೀನ್ ಡ್ರೂ-ಬೇಕರ್ ತೋರಿಸಿಕೊಟ್ಟ ಮೇಲೆಯೇ ಆ ಕೃಷಿಗೆ ಭದ್ರ ಬುನಾದಿ ಸಿಕ್ಕಿತು. ಕಪ್ಪಾಫೈಕಸ್ ಎಂಬ ಕೆಂಪು ಕಳೆಗೆ ಆ ರಗಳೆಯಿಲ್ಲ: ಮುರಿದು ಕಟ್ಟಿದರೆ ಸಾಕು. 1970ರ ಆಸುಪಾಸಿನಲ್ಲಿ ಫಿಲಿಪೀನ್ಸ್‌ನಲ್ಲಿ ಮ್ಯಾಕ್ಸ್‌ವೆಲ್ ಡೋಟಿಯವರ ಪ್ರಯೋಗಗಳಿಂದ ಅದು ಬೆಳೆಯಾಯಿತು.

ಭಾರತಕ್ಕೆ ಅದನ್ನು 1984ರಲ್ಲಿ ತಂದದ್ದು ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ. ಅದಕ್ಕೂ ಮೊದಲೇ ತಮಿಳುನಾಡಿನ ಮಂಟಪಂನಲ್ಲಿ ಗ್ರಾಸಿಲೇರಿಯಾ ಎಡುಲಿಸ್‌ನ ತುಂಡು ಕಟ್ಟಿ ನೋಡಲಾಗಿತ್ತು. ಅಲ್ಲಿನವರು ಗಂಜಿಗೆ ಹಾಕುತ್ತಿದ್ದ ಕಳೆ ಅದು. 2000ದ ಹೊತ್ತಿಗೆ ಪೆಪ್ಸಿಕೊ ಕಪ್ಪಾಫೈಕಸ್‌ಗೆ ಕೈಹಾಕಿತು. ಕರಾವಳಿಯ ಹೆಂಗಸರ ಸ್ವಸಹಾಯ ಗುಂಪುಗಳು ತೆಪ್ಪ ಕಟ್ಟಿದವು.

ಮೂರು ಮೀಟರ್ ಚೌಕದ ಬಿದಿರಿನ ತೆಪ್ಪಕ್ಕೆ ಇಪ್ಪತ್ತು ಹಗ್ಗ. ಹಗ್ಗಕ್ಕೆ ಇಪ್ಪತ್ತರಂತೆ 150 ಗ್ರಾಂ ತೂಗುವ ತುಂಡುಗಳು. ಮೀನು ಮೇಯದಂತೆ ಅಡಿಯಲ್ಲಿ ಬಲೆ. ಅರವತ್ತು ಕಿಲೊ ಬೀಜ 45 ದಿನಕ್ಕೆ ಇನ್ನೂರು ಕಿಲೊ ದಾಟುತ್ತದೆ. ಅದರಲ್ಲೇ ಅರವತ್ತು ಕಿಲೊ ಎತ್ತಿಟ್ಟು ಮತ್ತೆ ಕಟ್ಟುವುದು, ಉಳಿದದ್ದನ್ನು ಒಣಗಿಸುವುದು. ಒಣಗಿದರೆ ಹತ್ತು ಕಿಲೊಗೆ ಒಂದೇ ಕಿಲೊ.

2001ರಲ್ಲಿ 21 ಟನ್ ಇದ್ದ ಒಣ ಇಳುವರಿ 2012ಕ್ಕೆ 1,490 ಟನ್ ಮುಟ್ಟಿತು. ಆಮೇಲೆ ನೀರು ಬಿಸಿಯೇರಿ ಬೆಳೆ ಸಾಮೂಹಿಕವಾಗಿ ಸತ್ತಿತು. ಬಿಸಿಲನ್ನಷ್ಟೇ ದೂರಿದರೆ ಸಾಲದು. ಒಂದೇ ಗಿಡವನ್ನು ವರ್ಷಗಟ್ಟಲೆ ಮುರಿಮುರಿದು ಕಟ್ಟಿದ ಮೇಲೆ ತೆಪ್ಪ ಸಾವಿರವಿದ್ದರೂ ತಳಿ ಒಂದೇ. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ. ಕಬ್ಬಿನವರು ಬೀಜದ ತಾಕು ಬದಲಿಸುವುದು ಇದಕ್ಕೇ. ಕಡಲಕಳೆಯಲ್ಲಿ ಅಂಗಾಂಶ ಕೃಷಿಯ ಸಸಿಗಳು ಬಂದದ್ದು ಪೆಟ್ಟು ಬಿದ್ದ ನಂತರ. ಇನ್ನೊಂದು ತಕರಾರೂ ಇತ್ತು: ಒಡೆದ ತುಂಡುಗಳು ತಮಿಳುನಾಡಿನ ಕ್ರುಸದೈ ದ್ವೀಪದ ಹವಳದ ಮೇಲೆ ಹಬ್ಬಿದ್ದನ್ನು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಸುಲಭವಾಗಿ ಚಿಗುರುವುದೇ ಅಲ್ಲಿ ಕಂಟಕವಾಯಿತು.

2020ರ ಮತ್ಸ್ಯ ಸಂಪದಾ ಯೋಜನೆ ಕಡಲಕಳೆಗೆ 640 ಕೋಟಿ ರೂಪಾಯಿ ತೆಗೆದಿಟ್ಟಿತು. ತಮಿಳುನಾಡಿನ ರಾಮನಾಥಪುರದಲ್ಲಿ 2023ರಲ್ಲಿ ಕಡಲಕಳೆ ಪಾರ್ಕಿಗೆ ಅಡಿಗಲ್ಲು ಬಿತ್ತು. ನಮ್ಮ ಕರಾವಳಿಯ ಮಾತೇ ಬೇರೆ. ಮಳೆಗಾಲದಲ್ಲಿ ಕಾಳಿ, ಶರಾವತಿಗಳ ಸಿಹಿನೀರು ನುಗ್ಗಿ ಕಡಲ ಉಪ್ಪು ಇಳಿಯುತ್ತದೆ, ಅಲೆಯ ಹೊಡೆತಕ್ಕೆ ತೆಪ್ಪ ನಿಲ್ಲದು. ಆ ನಾಲ್ಕು ತಿಂಗಳು ಬೀಜವನ್ನು ಎಲ್ಲಿ ಜೀವ ಹಿಡಿದಿಡುವುದೆಂದು ಗೊತ್ತುಮಾಡಿಕೊಳ್ಳದೆ ಸಬ್ಸಿಡಿ ಬಿದಿರು ಹಂಚಿದರೆ, ಪ್ರತಿ ದೀಪಾವಳಿಗೂ ತಮಿಳುನಾಡಿನಿಂದ ತುಂಡು ತರಿಸಬೇಕಾದೀತು.