ವಿಜಯನಗರಕ್ಕೆ ಅನ್ನವಿತ್ತವರು

ಹಂಪೆಗೆ ಹೋದವರು ಕಲ್ಲಿನ ರಥವನ್ನು ನೋಡುತ್ತಾರೆ, ವಿರೂಪಾಕ್ಷನ ಗೋಪುರವನ್ನು ನೋಡುತ್ತಾರೆ, ಇಲ್ಲಿ ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರಂತೆ ಎಂದು ಮಕ್ಕಳಿಗೆ ಹೇಳಿ ಹಿಂದಿರುಗುತ್ತಾರೆ. ಆದರೆ ಮುತ್ತನ್ನು ಯಾರೂ ಉಣ್ಣಲಾರರು. ಲಕ್ಷಾಂತರ ಜನರು ನೆಲೆಸಿದ್ದ ಆ ಬಂಡೆಗಳ ನಾಡಿನಲ್ಲಿ ದಿನವೂ ಒಲೆ ಉರಿದುದು ಹೇಗೆ, ಆ ವೈಭವದ ವೆಚ್ಚವನ್ನು ತೆತ್ತವರು ಯಾರು ಎಂದು ಕೇಳಿಕೊಂಡಾಗ ವಿಜಯನಗರದ ಇನ್ನೊಂದು ಚಿತ್ರ ನಮ್ಮೆದುರು ತೆರೆದುಕೊಳ್ಳುತ್ತದೆ.

ಆ ಚಿತ್ರ ಅರಮನೆಯಿಂದಲ್ಲ, ಊರಬಾಗಿಲಿನಿಂದ ಆರಂಭವಾಗುತ್ತದೆ. 1530ರ ದಶಕದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಫೆರ್ನಾವೊ ನೂನಿಜ್ ನಗರದ ಹೆಬ್ಬಾಗಿಲೊಂದರ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಆ ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ಪರ್ದಾವೊಗಳಿಗೆ ಗುತ್ತಿಗೆ ಕೊಡಲಾಗಿತ್ತು. ನಮ್ಮ ವರಹವನ್ನೇ ಪೋರ್ಚುಗೀಸರು ಪರ್ದಾವೊ ಎನ್ನುತ್ತಿದ್ದರು. ಗುತ್ತಿಗೆದಾರನು ಕೇಳಿದಷ್ಟನ್ನು ಕೊಡದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ರಾಜಧಾನಿಯಲ್ಲಿ ಏನೂ ಬೆಳೆಯುವುದಿಲ್ಲ, ಎಲ್ಲವೂ ಹೊರಗಿನಿಂದ ಹೇರೆತ್ತುಗಳ ಮೇಲೆ ಬರಬೇಕು, ದಿನಕ್ಕೆ 2,000 ಎತ್ತುಗಳು ಈ ಬಾಗಿಲುಗಳಲ್ಲಿ ನುಗ್ಗುತ್ತವೆ, ಒಂದೊಂದಕ್ಕೂ ಮೂರು ಸಣ್ಣ ನಾಣ್ಯಗಳ ಸುಂಕವಿದೆ ಎನ್ನುತ್ತಾನೆ ಅವನು. ಕೊಂಬಿಲ್ಲದ ಎತ್ತುಗಳಿಗೆ ಮಾತ್ರ ರಾಜ್ಯದಲ್ಲೆಲ್ಲಿಯೂ ಸುಂಕವಿರಲಿಲ್ಲವಂತೆ! ಕಾರಣವನ್ನು ಅವನು ಹೇಳಿಲ್ಲ.

ನೂನಿಜನ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ. ಪರ್ಷಿಯಾದ ಷಾ ರುಖ್ ದೊರೆಯ ರಾಯಭಾರಿಯಾಗಿ 1443ರಲ್ಲಿ ಬಂದ ಅಬ್ದುಲ್ ರಜಾಕ್ ನಗರದ ಏಳು ಸುತ್ತಿನ ಕೋಟೆಗಳನ್ನು ವರ್ಣಿಸುತ್ತಾ, ಹೊರಗಿನ ಸುತ್ತುಗಳ ನಡುವೆ ಹೊಲಗಳೂ ತೋಟಗಳೂ ಮನೆಗಳೂ ಇದ್ದುದನ್ನು ಹೇಳಿದ್ದಾನೆ. ಮುತ್ತಿಗೆಯ ಕಾಲಕ್ಕೆ ಕೋಟೆಯೊಳಗೇ ಒಂದಿಷ್ಟು ಬೆಳೆ ಇರಲೆಂಬ ಮುಂದಾಲೋಚನೆ ಅದರಲ್ಲಿ ಕಾಣುತ್ತದೆ. ಆದರೂ ಹೊಟ್ಟೆ ತುಂಬಿಸುತ್ತಿದ್ದುದು ಹೊರಗಿನ ನಾಡೇ. ಸುಮಾರು 1520ರಲ್ಲಿ ಬಂದ ಡೊಮಿಂಗೊ ಪಾಯೆಸ್ ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿಗಳ ರಾಶಿಯನ್ನೂ ಅವುಗಳ ಅಗ್ಗದ ಬೆಲೆಯನ್ನೂ ಕಂಡು, ಲೋಕದಲ್ಲಿ ಇಷ್ಟು ಸಮೃದ್ಧವಾದ ಪಟ್ಟಣ ಮತ್ತೊಂದಿಲ್ಲವೆಂದು ಬೆರಗಾದನು. ಹುರುಳಿ ಕುದುರೆಗಳಿಗೂ ಬಡವರಿಗೂ ಆಹಾರವಾಗಿತ್ತೆಂಬುದನ್ನು ಅವನು ಗುರುತಿಸದೆ ಬಿಡಲಿಲ್ಲ.

ಈ ಸಮೃದ್ಧಿಯ ಮೂಲ ತುಂಗಭದ್ರೆಯ ನೀರು. ನದಿಗೆ ಅಡ್ಡಲಾಗಿ ಬಂಡೆಯಿಂದ ಬಂಡೆಗೆ ಕಲ್ಲಿನ ಒಡ್ಡು ಕಟ್ಟಿ, ನೀರನ್ನು ತುಸು ಮೇಲಕ್ಕೆತ್ತಿ ಕಾಲುವೆಗೆ ತಿರುಗಿಸುವುದು ಅಂದಿನ ವಿಧಾನ. ಪ್ರವಾಹ ಬಂದರೆ ಒಡ್ಡಿನ ಮೇಲೆ ಹರಿದುಹೋಗುತ್ತದೆ, ಬೇಸಿಗೆಯಲ್ಲಿ ಉಳಿದ ನೀರು ಕಾಲುವೆ ಸೇರುತ್ತದೆ. ನದಿಯಿಂದ ದೂರವಿದ್ದ ಒಣನೆಲದಲ್ಲಿ ಕೆರೆಗಳೇ ಗತಿ. ಕೆರೆ ಕಟ್ಟಿಸಿದವರಿಗೂ ದುರಸ್ತಿ ಮಾಡಿಸಿದವರಿಗೂ ‘ಕಟ್ಟುಕೊಡಗೆ’ ಎಂಬ ಹೆಸರಿನಲ್ಲಿ ಭೂಮಿ ಬಿಟ್ಟುಕೊಡುವ ಪದ್ಧತಿಯಿತ್ತು. ತಿರುಪತಿಯಂಥ ದೇವಾಲಯಗಳು ಭಕ್ತರು ಕೊಟ್ಟ ಹಣವನ್ನು ತಮ್ಮ ಹಳ್ಳಿಗಳ ಕೆರೆಕಾಲುವೆಗಳಿಗೆ ತೊಡಗಿಸಿ, ಹೆಚ್ಚಿದ ಫಸಲಿನಿಂದ ದಾನಿಯ ಹೆಸರಿನ ಸೇವೆಯನ್ನು ನಡೆಸುತ್ತಿದ್ದವು. ಕಾಣಿಕೆಯ ಹಣ ಹುಂಡಿಯಲ್ಲೇ ಉಳಿಯದೆ ಗದ್ದೆಗೆ ಹರಿದ ಈ ಬಗೆ ಮೆಚ್ಚತಕ್ಕದ್ದು.

ಕೃಷ್ಣದೇವರಾಯನು (ಆಳ್ವಿಕೆ 1509-1529) ನಾಗಲಾಪುರದ ಬಳಿ ಕಟ್ಟಿಸಿದ ದೊಡ್ಡ ಕೆರೆಯ ಕಥೆಯಲ್ಲಿ ರಾಜಧಾನಿಯ ಆರ್ಥಿಕತೆಯ ಬೆಳಕೂ ಕತ್ತಲೂ ಒಟ್ಟಿಗೆ ಕಾಣುತ್ತವೆ. ನಾಗಲಾಪುರವೆಂದರೆ ಇಂದಿನ ಹೊಸಪೇಟೆ, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೇಂದ್ರ. ಅಲ್ಲಿಂದ ಸಂಡೂರಿನ ದಾರಿಯಲ್ಲಿರುವ ರಾಯರ ಕೆರೆಯೇ ಇದೆಂದು ವಿದ್ವಾಂಸರು ಗುರುತಿಸಿದ್ದಾರೆ. ಕೆಲಸಕ್ಕೆ ನೆರವಾಗಲು ಗೋವೆಯಿಂದ ಜೊವಾವೊ ಡೆಲ್ಲಾ ಪೋಂಟೆ ಎಂಬ ಕಲ್ಲುಕೆಲಸದ ನಿಪುಣನು ಬಂದನು. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುವುದನ್ನು ಪಾಯೆಸ್ ಕಣ್ಣಾರೆ ಕಂಡನು. ಏರಿ ಎರಡು ಮೂರು ಬಾರಿ ಒಡೆಯಿತು. ಬಲಿ ಬೇಕೆಂದು ಪುರೋಹಿತರು ಹೇಳಿದಾಗ ಅರವತ್ತು ಮನುಷ್ಯರ, ಜೊತೆಗೆ ಕೆಲವು ಕುದುರೆ ಕೋಣಗಳ ತಲೆಗಳು ಅಲ್ಲಿ ಉರುಳಿದವು. ಅವರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳು ಎನ್ನುತ್ತಾನೆ ನೂನಿಜ್. ಆ ಅರವತ್ತು ಮಂದಿಯ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಕೆರೆ ನಿಂತ ಮೇಲೆ ರಾಯನು ಅದರ ಕೆಳಗಿನ ಭೂಮಿಯನ್ನು ಒಂಬತ್ತು ವರ್ಷ ಕಂದಾಯವಿಲ್ಲದೆ ರೈತರಿಗೆ ಕೊಟ್ಟನು. ಅವಧಿ ಮುಗಿದಾಗ ಅದು 20,000 ಪರ್ದಾವೊಗಳ ಆದಾಯದ ನೆಲವಾಗಿತ್ತು. ಮೊದಲು ರೈತನು ಬೇರೂರಲಿ, ಆಮೇಲೆ ಕೇಳೋಣ ಎಂಬ ಈ ತಾಳ್ಮೆ ರಾಜನೀತಿಯಲ್ಲಿ ಅಪರೂಪದ್ದು.

ಹೊಟ್ಟೆಗೆ ಅನ್ನ ಸಾಕು, ಆದರೆ ಸಾಮ್ರಾಜ್ಯಕ್ಕೆ ಕುದುರೆ ಬೇಕು. ದಕ್ಷಿಣದ ಹವೆಯಲ್ಲಿ ಯುದ್ಧಕ್ಕೊಪ್ಪುವ ಒಳ್ಳೆಯ ತಳಿ ಬೆಳೆಯುತ್ತಿರಲಿಲ್ಲ. ಅರೇಬಿಯಾದಿಂದ, ಪರ್ಷಿಯಾದ ಹೊರ್ಮುಜ್‌ನಿಂದ ಹಡಗಿನಲ್ಲಿ ತರಿಸಬೇಕಿತ್ತು. 1485ರಲ್ಲಿ ಸಿಂಹಾಸನವೇರಿದ ಸಾಳುವ ನರಸಿಂಹನು ದಾರಿಯಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ವ್ಯಾಪಾರಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕಿತ್ತು. ಮೇಲುನೋಟಕ್ಕೆ ದುಂದುವೆಚ್ಚವೆನಿಸಿದರೂ ಅದು ಲೆಕ್ಕಾಚಾರದ ಮಾತು: ಸಮುದ್ರದ ಅಪಾಯವನ್ನು ರಾಜನೇ ಹೊತ್ತರೆ ವ್ಯಾಪಾರಿ ಬೇರೆ ಬಂದರಿಗೆ ಹೋಗುವುದಿಲ್ಲ. ಕೃಷ್ಣದೇವರಾಯನೂ ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದ ರಾಜನೀತಿಯ ಭಾಗದಲ್ಲಿ, ದೂರದೇಶದ ಕುದುರೆ ವ್ಯಾಪಾರಿಗಳನ್ನು ಆದರಿಸಿ ಒಳ್ಳೆಯ ಲಾಭ ಕೊಟ್ಟು ತನ್ನವರನ್ನಾಗಿ ಮಾಡಿಕೊಳ್ಳಬೇಕೆಂದು ಬೋಧಿಸುತ್ತಾನೆ. ಆಗ ಆ ಕುದುರೆಗಳು ಶತ್ರುವಿನ ಲಾಯ ಸೇರುವುದಿಲ್ಲ ಎಂಬುದು ಅವನ ವಾದ.

1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿದ ಬಳಿಕ ಕುದುರೆಯ ಬೀಗದಕೈ ಅವರ ಹಿಡಿತಕ್ಕೆ ಬಂದಿತು. ಅದೇ ವರ್ಷ ಅಲ್ಬುಕರ್ಕ್‌ನ ದೂತನಾಗಿ ರಾಯನ ಆಸ್ಥಾನಕ್ಕೆ ನಡೆದವರು ಫ್ರಾನ್ಸಿಸ್ಕನ್ ಸಭೆಯ ಫಾದರ್ ಲೂಯಿಸ್. ಸುವಾರ್ತೆಯ ಸೇವೆಗೆಂದು ಮನೆ ಬಿಟ್ಟ ಸನ್ಯಾಸಿಯೊಬ್ಬರು ರಾಜಕೀಯ ಮೈತ್ರಿಯ, ಕುದುರೆ ವ್ಯಾಪಾರದ ಮಾತುಕತೆಗೆ ಬರಬೇಕಾದುದು ಆ ಕಾಲದ ವಿಚಿತ್ರ ಬೆರಕೆಗೆ ಒಂದು ಸಾಕ್ಷಿ. 1547ರ ಒಪ್ಪಂದವಂತೂ ಕೊಡುಕೊಳ್ಳುವಿಕೆಯನ್ನು ಸ್ಪಷ್ಟವಾಗಿ ಬರೆದಿಟ್ಟಿತು: ಗೋವೆಯ ಕುದುರೆಗಳು ವಿಜಯನಗರಕ್ಕೆ, ವಿಜಯನಗರದ ಕಬ್ಬಿಣ, ಪೆಟ್ಲುಪ್ಪು, ಬಟ್ಟೆಗಳು ಅಂಕೋಲಾ, ಹೊನ್ನಾವರಗಳ ಮೂಲಕ ಪೋರ್ಚುಗೀಸರಿಗೆ.

ಈ ಕುದುರೆಗಳ ಹಣ ಎಲ್ಲಿಂದ ಬಂದಿತು? ರಾಜನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನು. ಉತ್ತಮವಾದವನ್ನು ತಾನಿಟ್ಟುಕೊಂಡು, ನಾಡತಳಿಯವನ್ನು ಸಾವಿರ ಪರ್ದಾವೊಗಳಿಗೆ ಐದರಂತೆ ತನ್ನ ನಾಯಕರಿಗೇ ಮಾರುತ್ತಿದ್ದನು. ಸೆಪ್ಟೆಂಬರ್ ತಿಂಗಳೊಳಗೆ ಅವರು ಹಣ ಕಟ್ಟಬೇಕು. ಆ ಹಣದಿಂದಲೇ ಪೋರ್ಚುಗೀಸರ ಅರಬ್ಬಿ ಕುದುರೆಗಳ ಬೆಲೆ ತೀರುತ್ತಿತ್ತು. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗುತ್ತಿರಲಿಲ್ಲ ಎಂದು ನೂನಿಜ್ ಮೆಚ್ಚುಗೆಯಿಂದಲೇ ಬರೆಯುತ್ತಾನೆ. ಕಪ್ಪಕಾಣಿಕೆಗಳು ಬಂದು ಬೀಳುತ್ತಿದ್ದುದೂ ಅದೇ ಸೆಪ್ಟೆಂಬರಿನ ಒಂಬತ್ತು ದಿನಗಳಲ್ಲಿ, ಮಹಾನವಮಿಯ ಸಂಭ್ರಮದ ನಡುವೆ. ನಾಯಕರಾದರೋ ರೈತನತ್ತ ತಿರುಗುತ್ತಿದ್ದರು. ಬೆಳೆದುದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಒಡೆಯರಿಗೆ ಹೋಗುತ್ತಿತ್ತೆಂದು ಅದೇ ಲೇಖಕ ಹೇಳುತ್ತಾನೆ. ಈ ಪ್ರಮಾಣವನ್ನು ಇತಿಹಾಸಕಾರರು ನಂಬುವುದಿಲ್ಲ, ಹಾಗೆ ಕೊಟ್ಟ ರೈತನು ಮರುವರ್ಷ ಬಿತ್ತಲು ಉಳಿಯಲಾರನು. ಆದರೆ ಭಾರ ಅಸಹನೀಯವಾಗುತ್ತಿದ್ದುದಕ್ಕೆ ಕಲ್ಲಿನ ಸಾಕ್ಷಿಯಿದೆ. ಎರಡನೆಯ ದೇವರಾಯನ ಕಾಲದಲ್ಲಿ, 1429ರಲ್ಲಿ, ಕಾವೇರಿ ತೀರದ ತಮಿಳು ಸೀಮೆಯಲ್ಲಿ ಪರಸ್ಪರ ವೈಷಮ್ಯಕ್ಕೆ ಹೆಸರಾದ ಬಲಗೈ ಎಡಗೈ ಪಂಗಡಗಳು ಒಂದಾದವು. ಅಧಿಕಾರಿಗಳೂ ಭೂಒಡೆಯರೂ ಅನ್ಯಾಯವಾಗಿ ಕೇಳುವ ತೆರಿಗೆಗೆ ಮಣಿಯುವುದಿಲ್ಲವೆಂದು ನಿಶ್ಚಯಿಸಿ ದೇವಾಲಯದ ಗೋಡೆಗಳ ಮೇಲೆ ಬರೆಸಿದವು. ಮಹಾನವಮಿ ದಿಬ್ಬದ ಕೆತ್ತನೆಗಳನ್ನು ನೋಡುವಾಗ ದೂರದ ಆ ಬರಹಗಳನ್ನೂ ನೆನೆಯಬೇಕು.

1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಬಳಿ ನಡೆದ ಕದನದಲ್ಲಿ ಅಳಿಯ ರಾಮರಾಯನು ಮಡಿದನು, ನಗರ ತಿಂಗಳುಗಟ್ಟಲೆ ಲೂಟಿಯಾಯಿತು. ಕಟ್ಟಡಗಳು ಉರುಳಿದುದರಿಂದಲೇ ನಗರ ಸತ್ತಿತೆಂದು ನಾವು ಭಾವಿಸುತ್ತೇವೆ. 1567ರಲ್ಲಿ ಅಲ್ಲಿ ಏಳು ತಿಂಗಳು ತಂಗಿದ್ದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಕಂಡದ್ದು ಬೇರೆ: ಮನೆಗಳು ಇನ್ನೂ ನಿಂತಿದ್ದವು, ಒಳಗೆ ಜನರಿರಲಿಲ್ಲ. ರಾಮರಾಯನ ತಮ್ಮ ತಿರುಮಲನು ನಗರಕ್ಕೆ ಮತ್ತೆ ಜೀವ ತುಂಬಲೆಂದು ಬಂದನು. ಅವನು ಮೊದಲು ಕರೆದದ್ದು ಕುದುರೆ ವ್ಯಾಪಾರಿಗಳನ್ನು. ಯುದ್ಧದಲ್ಲಿ ಕಳೆದುಹೋದ ಕುದುರೆಗಳನ್ನು ತಂದರೂ ಒಳ್ಳೆಯ ಬೆಲೆ ಕೊಡುವೆನೆಂದು ಮಾತುಕೊಟ್ಟನು. ಕುದುರೆಗಳು ಬಂದವು. ಬೇಕಾದಷ್ಟು ಸೇರಿದ ಮೇಲೆ ಅವನು ವ್ಯಾಪಾರಿಗಳನ್ನು ಬರಿಗೈಯಲ್ಲಿ ಅಟ್ಟಿದನು. ಸತ್ತ ಕುದುರೆಯ ಬಾಲಕ್ಕೂ ಹಣ ಎಣಿಸಿದ ಪೀಠದಿಂದಲೇ ಈ ವಂಚನೆ ನಡೆಯಿತು! ಕೆಲವೇ ಕಾಲದಲ್ಲಿ ಅವನು ಪೆನುಕೊಂಡೆಗೆ ಹೊರಟುಹೋದನು. ಆಚೆ ಗೋವೆಯಲ್ಲಿ ಸುಂಕದ ಮನೆಯ ಆದಾಯ ಕುಸಿಯಿತೆಂದು ಪೋರ್ಚುಗೀಸ್ ಇತಿಹಾಸಕಾರ ಕೌಟೊ ಮರುಗಿದ್ದಾನೆ. ಅಲ್ಲಿನ ವರ್ತಕರು ಕುದುರೆ, ಮಖಮಲ್ಲುಗಳನ್ನು ಮಾರುತ್ತಿದ್ದ ದೊಡ್ಡ ಗಿರಾಕಿಯೇ ಇಲ್ಲವಾಗಿತ್ತು.

ಮುತ್ತಿನ ಬೀದಿ ಬರಿದಾಯಿತು, ಕುದುರೆಯ ದಾರಿ ಮುಚ್ಚಿತು. ಕಾಲುವೆಗಳನ್ನು ಮಾತ್ರ ರೈತರು ಬಿಡಲಿಲ್ಲ. ಅರಸರಿಲ್ಲದೆಯೂ ಹೂಳೆತ್ತಿದರು, ಬಿದ್ದ ಕಲ್ಲನ್ನು ಮತ್ತೆ ಹೊಂದಿಸಿದರು, ಸರದಿಯಂತೆ ನೀರು ಹಂಚಿಕೊಂಡರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ನಿಂತಾಗ ಕೆಲವು ಹಳೆಯ ಒಡ್ಡುಗಳು ಹಿನ್ನೀರಿನಲ್ಲಿ ಮುಳುಗಿದರೂ ಕಾಲುವೆಗಳಿಗೆ ನೀರು ತಪ್ಪಲಿಲ್ಲ. ಹಂಪೆಯ ಬಂಡೆಗಳ ನಡುವೆ ಹಾದುಹೋಗುವ ತುರ್ತು ಕಾಲುವೆಯ ಅಂಚಿನಲ್ಲಿ ಇಂದಿಗೂ ಭತ್ತ, ಬಾಳೆ, ಕಬ್ಬು ಬೆಳೆಯುತ್ತವೆ.